ಹಸಿರಾದ ಮೇಲೆ ಮಾತು

ಕಸ್ತೂರಿಯ ಕಿವಿಯ ಹಿಂದಿನ ದೀಪ ಕೆಂಪಗಿತ್ತು. ಎಡಿಎಚ್‌ಡಿ ಎಂಬ ಗಮನ ನಿಲ್ಲದ ತೊಂದರೆ ಇದ್ದ ವಯಸ್ಕರೆಲ್ಲ, ಕೆರಳಿದಾಗ ಕೆಂಪಾಗಿ ಶಾಂತವಾದಾಗ ಹಸಿರಾಗಿ ಮಿದುಳಿನ ಏರಿಳಿತ ತೋರಿಸುವ ಆ ದೀಪವನ್ನು ಧರಿಸಲೇಬೇಕಿತ್ತು. ಅದು ಕೆಂಪಗಿದ್ದಾಗ ಅವರು ಆಡಿದ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಬೇಕಾಗಿರಲಿಲ್ಲ.

"ನಿನ್ನೆ ಹೊಗಿ ತುಂಬಿದಾಗ ಹಿಂದಿನ ಬಾಗಲಕ್ಕ ಬೀಗ ಇತ್ರೀ! ನನ್ನ ಬಾಜೂ ಹೊಲಿಯೋ ರುಕ್ಮವ್ವ ಅಲ್ಲೇ ಎಚ್ಚರ ತಪ್ಪಿ ಬಿದ್ಲು. ಇವತ್ತೂ ಬೀಗ ಹಾಕೀರಿ!" ಎಂದು ಅವಳು ಕೂಗಿದಳು.

ಗಾರ್ಮೆಂಟ್ಸ್ ಕಾರ್ಖಾನೆಯ ಮ್ಯಾನೇಜರ್ ಹಂಚಿನಮನಿ ತನ್ನ ಕೋಣೆಯಲ್ಲಿ ಚಹಾ ಕುಡಿಯುತ್ತಲೇ, "ಹಸಿರಾದ ಮ್ಯಾಲೆ ಬಾರವ್ವಾ," ಎಂದ.

ಕಸ್ತೂರಿ ಹೊರಗಿನ ಬೆಂಚಿನಲ್ಲಿ ಕುಳಿತು, ಹಲ್ಲು ಕಚ್ಚಿಕೊಂಡು ಉಸಿರೆಳೆದಳು, ಬಿಟ್ಟಳು. ಕೊನೆಗೂ ದೀಪ ಹಸಿರಾಯಿತು. ಮತ್ತೆ ಒಳಗೆ ಹೋಗಿ ಅದನ್ನೇ ಮೆಲ್ಲಗೆ ಹೇಳಿದಳು.

ಹಂಚಿನಮನಿ ನಕ್ಕ. "ನೋಡು, ಈಗ ಎಷ್ಟ ಸಮಾಧಾನ ಅದೀ. ಅಂದ್ರ ಅಂಥಾ ದೊಡ್ಡ ತ್ರಾಸೇನಿಲ್ಲ ಅಂತಾತು. ಹೋಗು, ಹೊಲಿಗಿ ನೋಡು."

ಕಸ್ತೂರಿ ಮೆಕ್ಯಾನಿಕ್‌ನ ಪೆಟ್ಟಿಗೆಯಿಂದ ಸುತ್ತಿಗೆ ಎತ್ತಿಕೊಂಡು, ಹೊಲಿಗೆ ಯಂತ್ರಗಳ ಸಾಲು ದಾಟಿ ನೇರವಾಗಿ ಹಿಂದಿನ ಬಾಗಿಲಿಗೆ ನಡೆದಳು. ಮೊದಲ ಏಟಿಗೇ ದೀಪ ಮತ್ತೆ ಕೆಂಪಾಯಿತು.

"ಏಯ್, ಆಕಿ ತಲಿ ಕೆಟ್ಟೈತಿ! ದೀಪ ನೋಡ್ರಿ! ಹಿಡೀರಿ ಆಕಿನ್ನ!" ಎನ್ನುತ್ತ ಹಂಚಿನಮನಿ ಓಡಿಬಂದ.

ಯಂತ್ರಗಳು ಒಂದೊಂದಾಗಿ ನಿಂತವು. ಎದ್ದು ಬಂದ ಹೆಂಗಸರು ಅವನಿಗೇ ಅಡ್ಡ ನಿಂತರು. ಇನ್ನೂ ಕೆಮ್ಮುತ್ತಿದ್ದ ರುಕ್ಮವ್ವ ಗೋಡೆ ಹಿಡಿದುಕೊಂಡು ಮುಂದೆ ಬಂದಳು.

"ಹೊಡಿ, ಕಸ್ತೂರಿ," ಎಂದಳು. "ಹಂಗಽ ಕೆಂಪಗಿರು. ಹೊಡಿ!"

ಬೀಗ ಮುರಿದು ಬಿತ್ತು. ಹೊರಗಿನ ಗಾಳಿ ಒಳಗೆ ನುಗ್ಗಿತು.