ಒಂಟಿಕಾಲಿನ ಸ್ವಾಗತ

ಕಟ್ಟುಕಥೆಯಲ್ಲ, ನಡೆದದ್ದೇ: ದೊಡ್ಡ ಕಂಪನಿಯ ಹೆಸರು ಪಡೆದು ಥಳಥಳಿಸುವ ಹೋಟೆಲ್ ತೆರೆದ ಭಾವ ತನ್ನದೇ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಗಿರಾಕಿಗಳನ್ನು ಸ್ವಾಗತಿಸುತ್ತಿದ್ದ. ಕಂಪನಿಯ ಮೇಲಧಿಕಾರಿಯ ದನಿಯಲ್ಲಿ ಫೋನ್ ಮಾಡಿ ಹಾಗೆ ನಿಲ್ಲಿಸಿದವನು ಎದುರುಬದಿಯ ಪುಟ್ಟ ಹೋಟೆಲಿನ ಬಾಮೈದ. ಆ ಗಾಜಿನ ಬಾಗಿಲು ಕಂಡಾಗಲೆಲ್ಲ ಅವನ ಹೊಟ್ಟೆ ಒಲೆಗಿಂತ ಜೋರಾಗಿ ಉರಿಯುತ್ತಿತ್ತು.

ಬಾಮೈದ ರಸ್ತೆ ದಾಟಿ ಬಂದು, ಅದೇ ದನಿಯಲ್ಲಿ "ಕಾಲು ಇನ್ನೂ ಸ್ವಲ್ಪ ಮೇಲೆ, ಮಾಲೀಕರೇ" ಎಂದ.

"ಫೋನಲ್ಲಿ ನೀನೇನೋ?"

"ನಾನೇ ಭಾವ. ಯಾಕೆ ಅಂತಾನೂ ಕೇಳಲಿಲ್ಲವಲ್ಲ ನೀವು."

"ಕೇಳಿದ್ರೆ ಬೋರ್ಡೇ ಕಿತ್ಕೊಂಡು ಹೋಗ್ತಾರೆ ಕಣೋ. ಉಪ್ಪು, ಹಾಡು, ಗೋಡೆ ಬಣ್ಣ, ಎಲ್ಲಾ ಅವರು ಹೇಳಿದ್ದೇ. ನೀನು ಬೇಕಾದ್ದು ಬೇಯಿಸ್ತೀಯ, ಬೇಕಾದಾಗ ಬಾಗಿಲು ಹಾಕ್ತೀಯ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ."

ಬಾಮೈದನ ನಗು ಅರ್ಧಕ್ಕೇ ನಿಂತಿತು.

"ಅಂತೂ ಹೆದರದೆ ಮೀರೋಕೆ ಕಂಪನಿ ಹೆಸರಲ್ಲಿ ಒಂದು ಆರ್ಡರ್ ಸಿಕ್ತಪ್ಪ" ಎಂದು ಭಾವ ಕಾಲು ನೆಲಕ್ಕೂರಿ, ಬೀದಿಗೆಲ್ಲ ಕೇಳುವಂತೆ ನಕ್ಕ.