ರೈಫಲ್ಲಿಗೆ ಕಟ್ಟಿದ ಬೆಲೆ

ಹಳೆಯ ಬೇಟೆ ರೈಫಲ್ಲುಗಳ ವ್ಯಾಪಾರದಲ್ಲಿ ಬಂಡವಾಳಕ್ಕಿಂತ ತನ್ನ ನಾಲಿಗೆಯೇ ದೊಡ್ಡದು ಎಂದು ನಂಜರಾಜ ಹೇಳಿಕೊಳ್ಳುತ್ತಿದ್ದ. ಅದನ್ನು ಹೊಗಳಿಕೆ ಎಂದುಕೊಂಡವನು ಅವನೊಬ್ಬನೇ.

ಅಂದು ಬೊಳ್ಳಮ್ಮ ತೀರಿಹೋದ ಗಂಡನ ರೈಫಲ್ ತಂದು ಅಂಗಡಿಯ ಮೇಜಿನ ಮೇಲಿಟ್ಟರು.

"ಇದನ್ನ ಮಾರಿದ್ರೆ ಎಷ್ಟು ಬರಬಹುದು, ನೋಡಿ ಹೇಳಿ."

ನಂಜರಾಜ ನಳಿಗೆಯೊಳಗೆ ಇಣುಕಿ, ಹತ್ತಿರದವರ ಸಾವಿನ ಸುದ್ದಿ ಕೇಳಿದವನಂತೆ ನಿಟ್ಟುಸಿರು ಬಿಟ್ಟ.

"ಈ ಮಾಡೆಲ್ಲೇ ಸರಿ ಇಲ್ಲ, ಅಮ್ಮ. ಭಾರ ಜಾಸ್ತಿ, ಗುರಿ ನಿಲ್ಲಲ್ಲ. ಇದರ ತೋಟಾನೂ ಈಗ ಸಿಗಲ್ಲ."

"ತುಂಬಾ ಚೆನ್ನಾಗಿ ಇಟ್ಕೊಂಡಿದ್ರೆ?"

"ಹೊಸದರ ಹಾಗೇ ಇದ್ರೂ ಅಷ್ಟೇ. ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಕೇಳೋನು ಮೋಸಗಾರ, ಕೊಡೋನು ದಡ್ಡ."

ಬೊಳ್ಳಮ್ಮ ತಲೆಯಾಡಿಸಿದರು. ಮಾತು ನಾಟಿತು ಎಂದುಕೊಂಡ ನಂಜರಾಜ ಉದಾರಿಯಾದ.

"ನಿಮ್ಮ ಮುಖ ನೋಡಿ ಪೂರ್ತಿ ಇಪ್ಪತ್ತೇ ಕೊಡ್ತೀನಿ."

ತನ್ನ ದನಿ ಅವನಿಗೇ ಹಿತವೆನಿಸಿತು.

ಬೊಳ್ಳಮ್ಮ ರೈಫಲ್ಲನ್ನು ಚೀಲಕ್ಕೆ ಸೇರಿಸಿದರು. ಆಮೇಲೆ ತಮ್ಮ ಲೈಸೆನ್ಸನ್ನೂ ನೋಟಿನ ಕಟ್ಟೊಂದನ್ನೂ ತೆಗೆದು ಅವನ ಮುಂದಿಟ್ಟರು.

"ಇದನ್ನ ನಾನು ಮಾರಲ್ಲ. ಇದೇ ಮಾಡೆಲ್ ನಿಮ್ಮ ಕಪಾಟಿನಲ್ಲೂ ಒಂದಿದೆಯಲ್ಲ, ಮೊನ್ನೆ ನನ್ನ ಮಗಳು ಕೇಳಿದಾಗ ಎರಡು ಲಕ್ಷ ಅಂದ್ರಂತೆ. ಅದನ್ನ ಇಪ್ಪತ್ತು ಸಾವಿರಕ್ಕೆ ತೆಗೆದುಕೊಡಿ."