ಚಕ್ರ ಉರುಳುವಷ್ಟು ಹೊತ್ತು

ತುತ್ತು ತುಟಿಗೆ ತಾಗಿದ್ದೇ ಗಿರಿಯಪ್ಪ ಬಾಯಿ ಬಿಗಿದುಕೊಂಡ. ವನಜಾಕ್ಷಿ ಇನ್ನೊಮ್ಮೆ ಒತ್ತಿ ನೋಡಿದಳು. ಅವರೆಕಾಳಿನ ಸಾರು ಮಾವನ ಗಲ್ಲದಿಂದ ಟವೆಲ್ಲಿಗೆ ಇಳಿಯಿತೇ ಹೊರತು ಒಳಗೆ ಹೋಗಲಿಲ್ಲ. ಜಾರಿ ಬಿದ್ದು ಹಾಸಿಗೆ ಹಿಡಿದ ಮೇಲೆ ಮುದುಕ ಊಟವನ್ನೇ ಬಿಟ್ಟಿದ್ದ. ನೀರು, ಎರಡು ಗುಟುಕು ಕಾಫಿ, ಅಷ್ಟೇ. ಇವತ್ತು ತರೀಕೆರೆಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಹಾಕುವ ಮಾತು ಆಡಿದ ಡಾಕ್ಟರು ತೆಗೆಯುವ ಮಾತು ಆಡಿರಲಿಲ್ಲ.

‘ಬಿಡೇ, ಹೊತ್ತಾಯ್ತು,’ ಎಂದ ಗಂಡ ಯೋಗಾನಂದ, ಸ್ಟೇರಿಂಗ್ ಹಿಂದಿನಿಂದ. ಅಜ್ಜಂಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವನು ಹಳೇ ಟೆಂಪೋ ಒಂದಕ್ಕೆ ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಬಿಡಲು ಕ್ಯಾರವಾನ್ ಮಾಡಿದ್ದ. ಅದರ ಮೊದಲ ಸವಾರಿ ಅಪ್ಪನದೇ ಆಯಿತು. ಆಸ್ಪತ್ರೆಯಲ್ಲಿ ಎಷ್ಟು ದಿನವೋ, ಅಡುಗೆ ಗಾಡಿಯಲ್ಲೇ ಆಗಲಿ ಎಂದು ವನಜಾಕ್ಷಿ ರಾಗಿಹಿಟ್ಟು, ಮುದ್ದೆ ಕೋಲು ಎಲ್ಲ ತುಂಬಿಕೊಂಡಿದ್ದಳು. ಕೊನೆಯದಾಗಿ ಒಮ್ಮೆ ಉಣಿಸಿ ನೋಡೋಣವೆಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಬಿಸಿ ಮುದ್ದೆ ತಿರುವಿದ್ದಳು. ಅದೂ ವ್ಯರ್ಥವಾಯಿತು.

ಗಾಡಿ ಹೊರಟಿತು. ತಟ್ಟೆ ಇಡಲು ಜಾಗ ಕಾಣದೆ ಅವಳು ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಗಿರಿಯಪ್ಪ ಕಿಟಕಿಯಾಚೆ ಹಿಂದೆ ಸರಿಯುವ ತೆಂಗಿನ ಮರಗಳನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಬಾಯಿ ತೆರೆಯಿತು. ಅವಳ ಬೆರಳಲ್ಲಿ ಇನ್ನೂ ಆ ತುತ್ತು ಇತ್ತು, ಇಟ್ಟಳು. ಮುದ್ದೆ ಅಗಿಯುವ ಪದಾರ್ಥವಲ್ಲ. ಮುದುಕನ ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು.

‘ರೀ, ಮಾವ ಉಣ್ತಾವ್ರೆ.’

ಯೋಗಾನಂದ ಗಾಡಿಯನ್ನು ಪಕ್ಕಕ್ಕೆ ಹಾಕಿ ಹಿಂದಕ್ಕೆ ಓಡಿಬಂದ. ಬಾಯಿ ಮುಚ್ಚಿತ್ತು. ತಾನೇ ತುತ್ತು ಹಿಡಿದು ‘ಅಪ್ಪಾ, ಅಪ್ಪಾ’ ಎಂದ. ಮುದುಕ ಮುಖ ತಿರುಗಿಸಿದ. ‘ನಿಂಗೆಲ್ಲೋ ಭ್ರಮೆ ಕಣೇ,’ ಎಂದು ಹೋಗಿ ಗಾಡಿ ಎತ್ತಿದ. ಬಾಯಿ ತೆರೆಯಿತು. ರೈಲ್ವೆ ಗೇಟು ಬಂತು, ಗಾಡಿ ನಿಂತಿತು, ಬಾಯಿಯೂ ಮುಚ್ಚಿತು. ಗಂಡ ಹೆಂಡತಿ ಕನ್ನಡಿಯಲ್ಲಿ ಮುಖ ಮುಖ ನೋಡಿಕೊಂಡರು. ರೈಲು ಹೋಯಿತು.

‘ಗೇಟ್ ತೆಗುದ್ರು. ಬಿಡೋ ಗಾಡಿನ,’ ಎಂದ ಗಿರಿಯಪ್ಪ. ಅವನ ದನಿ ಕೇಳಿ ವಾರದ ಮೇಲಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಯೋಗಾನಂದ ತನಗೇ ಹೇಳಿಕೊಳ್ಳುವಂತೆ ಹೇಳಿದ: ‘ಅಪ್ಪ ಲಾರೀಲಿ ಕೊಬ್ಬರಿ ಲೋಡು ಹೊಡೀತಿದ್ದಾಗ ಸ್ಟೇರಿಂಗ್ ಮೇಲೇ ಉಣ್ತಿದ್ನಂತೆ. ಕ್ಲೀನರು ತುತ್ತು ಮಾಡಿ ಬಾಯಿಗಿಡ್ತಿದ್ನಂತೆ.’

ಮುದ್ದೆ ಮುಗಿಯಿತು. ಬಾಯಿ ಮತ್ತೆ ತೆರೆಯಿತು.

‘ನಿಲ್ಲಿಸ್ತೀನಿ ಇರು, ಇನ್ನೊಂದು ಮುದ್ದೆ ತಿರುವು.’

‘ನಿಲ್ಸಬೇಡಿ. ನಿಲ್ಸಿದ್ರೆ ಬಾಯಿ ಮುಚ್ಕೋತಾರೆ.’

‘ಓಡೋ ಗಾಡೀಲಿ ಒಲೆ ಹಚ್ಚಬಾರ್ದು ಕಣೇ. ಅಲ್ಲೇ ಬೋರ್ಡ್ ಹಾಕಿಲ್ವಾ ನಾನು?’

‘ಓದಿದೀನಿ. ಎತ್ತಿನ ಗಾಡಿ ಥರ ಬಿಡಿ.’

ಅವಳು ಒಲೆ ಹಚ್ಚಿದಳು. ಬೆನ್ನನ್ನು ಬೀರುವಿಗೆ, ಪಾದವನ್ನು ಮಂಚದ ಕಾಲಿಗೆ ಕೊಟ್ಟು, ಬಟ್ಟೆ ಸುತ್ತಿದ ಕೈಯಲ್ಲಿ ಪಾತ್ರೆ ಹಿಡಿದು ನಿಂತಳು. ಎಸರು ಕುದಿಯಿತು, ಹಿಟ್ಟು ಬಿತ್ತು, ಬೆಂದಿತು. ಪಾತ್ರೆಯನ್ನು ನೆಲಕ್ಕಿಳಿಸಿ ಎರಡು ಪಾದಗಳ ನಡುವೆ ಅದುಮಿಕೊಂಡು ತಿರುವತೊಡಗಿದಳು. ರಸ್ತೆಯ ತಿರುವಿನಲ್ಲಿ ಪಾತ್ರೆ ಜಾರಿತು. ಅವಳೂ ಅದರ ಜೊತೆಗೇ ಜಾರಿ ಸಿಂಕಿನ ಕೆಳಗೆ ಸೇರಿದಳು, ಕೋಲು ಬಿಡಲಿಲ್ಲ. ಹಿಂದೆ ಬಸ್ಸೊಂದು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಬೈದು ಮುಂದೆ ಹೋಯಿತು. ಹಿಮ್ಮಡಿ ಸುಟ್ಟದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಮುದ್ದೆ ಸೊಟ್ಟಗೆ ಬಂತು. ಗಿರಿಯಪ್ಪ ಅದನ್ನೂ ಉಂಡ. ಮದುವೆಯಾದಾಗಿನಿಂದ ಬಡಿಸುತ್ತ ಬಂದವಳು ಒಬ್ಬ ಮನುಷ್ಯ ನುಂಗುವುದನ್ನು ಹೀಗೆ ಕಣ್ಣು ಮಿಟುಕಿಸದೆ ನೋಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ರೋಗಿಗಳ ಕಡೆಯವರು ಹೇಳುವುದಕ್ಕೆಲ್ಲ ತಲೆಯಾಡಿಸುವಂತೆ ವನಜಾಕ್ಷಿ ಹೇಳಿದ್ದಕ್ಕೂ ಆಡಿಸಿದರು. ಹಾಸಿಗೆಯ ಪಕ್ಕ ನಿಂತು ಒಂದು ಚಮಚ ಗಂಜಿ ಹಿಡಿದರು. ಗಿರಿಯಪ್ಪ ಹಲ್ಲು ಕಚ್ಚಿಕೊಂಡ.

‘ನೋಡಿದ್ರಾ ಅಮ್ಮ?’

‘ಇಲ್ಲಿ ಉಣ್ಣಲ್ಲ ಸಾರ್. ಗಾಡೀಲಿ ಬಂದು ನೋಡಿ.’

ಅವರು ಸಿಡುಕಿದರು. ನಳಿಗೆ ಇಟ್ಟಿದ್ದ ಟ್ರೇ ಕಡೆ ಒಮ್ಮೆ, ಅವಳ ಸುಟ್ಟ ಹಿಮ್ಮಡಿ ಕಡೆ ಒಮ್ಮೆ ನೋಡಿದರು. ಆಮೇಲೆ ಬಂದು ಗಾಡಿ ಹತ್ತಿದರು.

ಅಮೃತಾಪುರದ ರಸ್ತೆಗೆ ಗಾಡಿ ಬಿದ್ದಾಗ ತಟ್ಟೆ ಡಾಕ್ಟರ ತೊಡೆಯ ಮೇಲಿತ್ತು. ‘ಚಮಚ ಬೇಡ ಸಾರ್, ಮುದ್ದೆಗೆ ಕೈಯೇ ಆಗ್ಬೇಕು,’ ಎಂದಳು ವನಜಾಕ್ಷಿ. ಅವರು ಮುರಿದು, ಸಾರಿಗೆ ಅದ್ದಿ ಹಿಡಿದರು. ಬಾಯಿ ತೆರೆಯಿತು. ಡಾಕ್ಟರು ಇನ್ನೊಂದು ಕೈಯನ್ನು ಮುದುಕನ ಗಂಟಲ ಮೇಲಿಟ್ಟರು, ತೆಗೆಯಲೇ ಇಲ್ಲ.

ವಾಪಸು ಬಂದು, ಕೈ ತೊಳೆದು, ಕುರ್ಚಿಯಲ್ಲಿ ಕೂತರು.

‘ಸದ್ಯಕ್ಕೆ ನಳಿಗೆ ಬೇಡ,’ ಎಂದು ಪೆನ್ನು ತೆಗೆದರು. ‘ಮನೆಗೆ ಕರ್ಕೊಂಡು ಹೋಗಿ. ಹೊತ್ತಿಗೆ ಎಷ್ಟು ಊಟ ಹೋಗ್ಬೋದು ಅನ್ಸುತ್ತೆ ನಿಮಗೆ?’

ವನಜಾಕ್ಷಿ ಯೋಚಿಸಿದಳು.

‘ಬೆಳಿಗ್ಗೆ ಬುಕ್ಕಾಂಬುಧಿ ಕೆರೆ ತನಕ ಹೋದ್ರೆ ಸಾಕು ಸಾರ್. ರಾತ್ರಿಗೆ ಅಂತರಘಟ್ಟೆ ದಾಟ್ಬೇಕಾಗ್ಬೋದು.’